ರೇಷ್ಮೆ ಸೋಪಿನಲ್ಲಿ ತೊಳೆದ ಎರಡು ಮರಿಗಳು

ಪಠ್ಯಪುಸ್ತಕದ ಕೊನೆಯ ಅಧ್ಯಾಯವನ್ನು ಯಾರೂ ಸರಿಯಾಗಿ ಪಾಠ ಮಾಡುವುದಿಲ್ಲ. ನಮ್ಮ ಬಿ.ಎಸ್ಸಿ. ಎರಡನೇ ವರ್ಷದ ಪ್ರಾಣಿಶಾಸ್ತ್ರದಲ್ಲಿ ಆಗ ವಿಕಾಸವಾದ, ಪರಿಸರ, ಪ್ರಾಣಿಗಳ ನಡವಳಿಕೆ ಎಂದು ಮೂರು ಭಾಗಗಳಿದ್ದವು. ವಿಕಾಸವಾದ ದಸರಾ ರಜೆಯವರೆಗೆ ಎಳೆಯುತ್ತಿತ್ತು, ಪರಿಸರ ಸಂಕ್ರಾಂತಿಯವರೆಗೆ. ನಡವಳಿಕೆಯ ಸರದಿ ಬರುವಷ್ಟರಲ್ಲಿ ಪರೀಕ್ಷೆಯ ವೇಳಾಪಟ್ಟಿ ಗೋಡೆಗೆ ಅಂಟಿರುತ್ತಿತ್ತು, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಹೇಳಿ ಅಧ್ಯಾಪಕರು ಕೈ ತೊಳೆದುಕೊಳ್ಳುತ್ತಿದ್ದರು. ಎಂಬತ್ತರ ದಶಕದ ಆ ವರ್ಷ ನಾನು ಕೊನೆಯ ಅಧ್ಯಾಯವನ್ನೇ ಮೊದಲು ತೆಗೆದುಕೊಂಡೆ. ನನಗೆ ಇಪ್ಪತ್ತೇಳು ವರ್ಷ, ಎಲ್ಲರಿಗಿಂತ ಚೆನ್ನಾಗಿ ಪಾಠ ಮಾಡುತ್ತೇನೆಂಬ ಜಂಬ ಬೇರೆ ಇತ್ತು.

ಕಾಲೇಜು ಇದ್ದದ್ದು ಗಡಿಯಾಚೆ ತೆಲುಗು ಸೀಮೆಯ ಕಲ್ಯಾಣದುರ್ಗದಲ್ಲಿ, ಬಾಡಿಗೆ ಕಟ್ಟಡದಲ್ಲಿ ನಡೆಯುತ್ತಿದ್ದ ಸಣ್ಣ ಖಾಸಗಿ ಕಾಲೇಜು. ಅದು ಮುಚ್ಚಿ ಬಹಳ ಕಾಲವಾಯಿತು. ನನ್ನ ಮನೆ ಹಿಂದೂಪುರ. ನಮ್ಮದು ನೇಯುವವರ ಮನೆ, ಪಡಸಾಲೆಯಲ್ಲೇ ಎರಡು ಮಗ್ಗ. ವಾರಕ್ಕೊಮ್ಮೆ ಮನೆಗೆ ಬಂದು ಹೋಗುತ್ತಿದ್ದೆ, ಉಳಿದ ದಿನ ಕಲ್ಯಾಣದುರ್ಗದಲ್ಲಿ ಒಂದು ಕೋಣೆ. ನನ್ನದು ತಾತ್ಕಾಲಿಕ ನೇಮಕ. ಪ್ರತಿ ಮಾರ್ಚ್ ಬಂದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಪ್ರಿನ್ಸಿಪಾಲರ ಮುಖ ನೋಡಬೇಕಿತ್ತು.

ಪುಸ್ತಕದ ಆ ಅಧ್ಯಾಯದಲ್ಲಿ ಇದ್ದುದೆಲ್ಲ ಪರದೇಶದ ಹೆಬ್ಬಾತು, ಪರದೇಶದ ಮೀನು. ಮರಿಗಳು ಹುಟ್ಟಿದ ಮೊದಲ ಗಂಟೆಗಳಲ್ಲೇ ತಾಯಿ ಮರಿಯ ನಂಟು ಗಟ್ಟಿಯಾಗುತ್ತದೆ, ಆ ಹೊತ್ತು ತಪ್ಪಿದರೆ ತಪ್ಪಿತು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹನ್ನೊಂದು ಜನರ ತರಗತಿ. ಇಬ್ಬರೇ ಹುಡುಗಿಯರು. ಅವರಲ್ಲಿ ಒಬ್ಬಳು ಕುಂದುರ್ಪಿ ಕಡೆಯವಳು, ಕುರಿ ಸಾಕುವವರ ಮನೆಯವಳು. ಅವಳು ಎದ್ದು ನಿಂತಳು.

"ಮೇಡಂ, ನಮ್ಮ ಕುರಿ ಸಾಯಂಕಾಲ ಬತ್ತಿದ್ದಂಗೇ ನಲವತ್ತು ಮರೀಲಿ ತನ್ನ ಮರೀನೇ ಹುಡುಕ್ಕಂತದೆ. ಅದು ಕೂಗು ಕೇಳಿಯಾ, ಮೂಸಿಯಾ?"

"ಮೂಸಿ" ಎಂದೆ. ಪುಸ್ತಕದಲ್ಲಿ ಹಾಗಿತ್ತು.

"ದೂರದಾಗೆ ಕೂಗಿಗೇ ಓಡಿ ಬತ್ತದೆ ಮೇಡಂ. ನಾನು ನೋಡಿವ್ನಿ."

ಉಳಿದವರು ನಕ್ಕರು. ನನಗೆ ಮಾತ್ರ ಮೈ ಜುಮ್ಮೆಂದಿತು. ಆ ವರ್ಷ ಪ್ರತಿ ವಿದ್ಯಾರ್ಥಿಯೂ ಒಂದು ಸಣ್ಣ ಪ್ರಾಜೆಕ್ಟ್ ಮಾಡಬೇಕೆಂಬ ನಿಯಮ ಬಂದಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಎಲ್ಲರಿಗೂ ಜಿರಳೆ ಹಂಚಿ ಮುಗಿಸಿದ್ದರು. ಈ ಹುಡುಗಿಗೆ ಕುರಿ ಎಂದೆ. ಮುಖ್ಯಸ್ಥರು ನಕ್ಕು, ತೆಲುಗಿನಲ್ಲಿ "ಗೊರ್ರೆಲಾ?", ಕುರಿಗಳಾ ಎಂದು ಕೇಳಿ, "ನಿಮ್ಮಿಷ್ಟ ಮೇಡಂ" ಎಂದರು. ಮಾರ್ಚ್‌ನಲ್ಲಿ ಜಿಲ್ಲಾ ಕೇಂದ್ರದಲ್ಲಿ ಕಾಲೇಜು ಅಧ್ಯಾಪಕರ ಗೋಷ್ಠಿ ನಡೆಯುವುದಿತ್ತು. ಅಲ್ಲಿ ಇದನ್ನು ಓದಿದರೆ ನನ್ನ ನೇಮಕಕ್ಕೂ ಒಳ್ಳೆಯದು ಎಂಬ ಲೆಕ್ಕಾಚಾರವೂ ಆಗಲೇ ತಲೆಯಲ್ಲಿ ಕೂತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಿಸಬಾರದು.

ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ಕುಂದುರ್ಪಿಗೆ ಹೋಗಿ, ಅಲ್ಲಿಂದ ಅರ್ಧ ಗಂಟೆ ನಡೆದು ಅವರ ರೊಪ್ಪಕ್ಕೆ ಹೋದೆ. ಜಾಲಿ ಮುಳ್ಳಿನ ಬೇಲಿ ಸುತ್ತಿದ ಕುರಿದೊಡ್ಡಿಗೆ ಅಲ್ಲಿ ರೊಪ್ಪ ಎನ್ನುತ್ತಾರೆ. ಹುಡುಗಿಯ ತಂದೆ ಬೇಲಿಯ ಬಾಯಲ್ಲೇ ನನ್ನನ್ನು ನಿಲ್ಲಿಸಿ, ಒಳಗಿನ ಕುರಿ ಹಿಕ್ಕೆ ಬೆರೆತ ಮಣ್ಣನ್ನು ಒಂದು ಹಿಡಿ ತಂದು ನನ್ನ ಕೈಗೆ ಸುರಿದರು.

"ಇದ ಉಜ್ಜಿಕೊಳ್ಳಿ ಟೀಚರಮ್ಮ. ಕೈ ವಾಸ್ನೆ ಹೋಯ್ತದೆ."

ಪ್ರಯೋಗಾಲಯದಲ್ಲಿ ಕಪ್ಪೆ ಮುಟ್ಟಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಸುತ್ತಿದ್ದವಳು ನಾನು. ಮುಖ ಕಿವುಚಿಕೊಂಡೇ ಉಜ್ಜಿಕೊಂಡೆ. ಅವರು ಅದನ್ನು ನೋಡಿ ನಕ್ಕರು. ತಮ್ಮ ಕುರಿಗಳ ಮೇಲೆ ಕಾಲೇಜಿನವರು ಪಾಠ ಮಾಡುತ್ತಾರೆ ಎಂದು ಅವರಿಗೆ ಹೇಳಲಾಗದಷ್ಟು ಸಂತೋಷ. ಮಗಳಿಗೆ ಗಂಡು ನೋಡು ಎಂದು ಮನೆಯವರೆಲ್ಲ ಹೇಳುತ್ತಿದ್ದಾಗ ಇವರೊಬ್ಬರೇ ಡಿಗ್ರಿ ಮುಗಿಯಲಿ ಎಂದು ಹಟ ಹಿಡಿದವರು. "ನೋಡ್ರಪ್ಪಾ, ನಮ್ಮ ಕುರೀನೂ ಕಾಲೇಜಿಗೆ ಬೇಕಂತೆ" ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಒಂದು ಮಾತು ಮಾತ್ರ ಅವರು ಮೊದಲ ದಿನವೇ ಹೇಳಿದರು. "ದೊಡ್ಡ ಮರೀನ ಏನಾನ ಮಾಡ್ಕಳಿ. ಹಿಡೀರಿ, ಬಣ್ಣ ಬಳೀರಿ. ಈಗ ಈದಿದ್ದನ್ನ ಮಾತ್ರ ಮುಟ್ಟಬ್ಯಾಡಿ. ತಾಯಿ ನೆಕ್ಕಿ ಒಣಗಿಸ್ಬೇಕು. ಅಲ್ಲೀವರ್ಗೂ ನಾವೂ ಮುಟ್ಟಾಕಿಲ್ಲ." ನಾನು ಆಗಲಿ ಎಂದೆ. ಹುಡುಗಿ ತಂದೆಯ ಕಡೆ ನೋಡಿ ತಲೆಯಾಡಿಸಿದಳು.

ಮೂರು ಭಾನುವಾರ ಕೆಲಸ ಸೊಗಸಾಗಿ ನಡೆಯಿತು. ಕುರಿಗಳು ಮೇಯಲು ಹೋದಾಗ ಮರಿಗಳೆಲ್ಲ ಬಿದಿರಿನ ಮರಿಗೂಡಿನಲ್ಲಿರುತ್ತಿದ್ದವು. ಕೆಮ್ಮಣ್ಣು ಕಲಸಿ ಮರಿಗೂ ತಾಯಿಗೂ ಒಂದೇ ಸಂಖ್ಯೆ ಬರೆದೆವು. ಸಂಜೆ ಮಂದೆ ಬರುವಾಗ ಒಂದೊಂದೇ ಮರಿಯನ್ನು ಈಚಲ ಚಾಪೆಯ ಹಿಂದೆ ಬಚ್ಚಿಟ್ಟು, ತಾಯಿ ಬಂದು ಮುಟ್ಟುವವರೆಗೆ ನನ್ನ ಕೈಗಡಿಯಾರದಲ್ಲಿ ಸೆಕೆಂಡು ಎಣಿಸಿದೆವು. ಹುಡುಗಿ ಹೇಳಿದ್ದು ನಿಜವೇ ಇತ್ತು. ದೂರದಿಂದ ತಾಯಿ ಕೂಗಿಗೆ ಬರುತ್ತಿತ್ತು. ಹತ್ತಿರ ಬಂದ ಮೇಲೆ ಬಾಲದ ಬುಡ ಮೂಸಿ ತೀರ್ಮಾನ ಮಾಡುತ್ತಿತ್ತು. ಬೇರೆ ಮರಿಯನ್ನು ಚಾಪೆಯ ಹಿಂದೆ ಇಟ್ಟರೆ ಮೂಸಿ ತಲೆಯಿಂದ ಗುದ್ದಿ ಹೋಗುತ್ತಿತ್ತು. ಪುಸ್ತಕದಲ್ಲಿದ್ದದ್ದು ಅರ್ಧ, ಇವಳ ಮಾತು ಇನ್ನರ್ಧ ಎಂದು ಅವಳ ಬೆನ್ನು ತಟ್ಟಿದೆ. ಅವಳು ರೆಕಾರ್ಡ್ ಬುಕ್ಕಿನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದಳು. ಬೇಗ ಬರೆಯುವಾಗ ಅವಳ ಅಕ್ಷರ ತೆಲುಗು, ಮಾತು ಮನೆಯ ಕನ್ನಡ. ಅದನ್ನು ನೋಡಿ ನಾನು ರೇಗಿಸುತ್ತಿದ್ದೆ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಅಷ್ಟೇ ಒಳ್ಳೆಯ ಕೆಲಸವಾಗುತ್ತಿತ್ತು.

ನಿಲ್ಲಿಸಲಿಲ್ಲ, ಯಾಕೆಂದರೆ ವಾಸನೆ ತೆಗೆದರೆ ಏನಾಗುತ್ತದೆ ಎಂಬ ಪ್ರಶ್ನೆ ಉಳಿದಿತ್ತು. ನಾಲ್ಕು ದೊಡ್ಡ ಮರಿಗಳನ್ನು ಬರೀ ನೀರಿನಲ್ಲಿ ತೊಳೆದು ಬಿಟ್ಟೆವು. ತಾಯಿ ಕುರಿಗಳು ಸ್ವಲ್ಪ ಅನುಮಾನದಿಂದ ಹೆಚ್ಚು ಹೊತ್ತು ಮೂಸಿ, ಕೊನೆಗೆ ಹಾಲು ಕೊಟ್ಟವು. ಮುಖ್ಯಸ್ಥರಿಗೆ ಕೋಷ್ಟಕ ತೋರಿಸಿದಾಗ, "ಇದರಲ್ಲಿ ಹೊಸದೇನು ಮೇಡಂ, ಇದು ಕುರುಬರಿಗೂ ಗೊತ್ತು" ಎಂದರು. ಆ ಮಾತು ನಾಟಿತು. ಹುಟ್ಟಿದ ಕೂಡಲೇ, ತಾಯಿ ಮರಿಯ ವಾಸನೆ ಕಲಿಯುವ ಮೊದಲೇ, ತೊಳೆದುಬಿಟ್ಟರೆ? ಆಗ ಫಲಿತಾಂಶ ಹೌದು ಇಲ್ಲ ಎಂದು ಎರಡು ತುಂಡಾಗಿ ಬರುತ್ತದೆ. ಗೋಷ್ಠಿಯಲ್ಲಿ ಓದುವುದಕ್ಕೆ ಅಂಥದ್ದು ಬೇಕು.

ನೀರು ಸಾಲದು ಎಂದು ಗೊತ್ತಾಗಿತ್ತಲ್ಲ, ಅದಕ್ಕೆ ಉಪಾಯ ನನ್ನ ಮನೆಯಲ್ಲೇ ಇತ್ತು. ಹಸಿ ರೇಷ್ಮೆ ನೂಲಿಗೆ ಹುಳುವಿನ ಗೋಂದು ಅಂಟಿರುತ್ತದೆ, ಕೆಟ್ಟ ವಾಸನೆ. ಬಣ್ಣ ಹಾಕುವ ಮುಂಚೆ ಅದನ್ನು ಸೋಪು ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿ ಗೋಂದು ಬಿಡಿಸುತ್ತಾರೆ. ಹಿತ್ತಲಿನಲ್ಲಿ ಆ ಹಂಡೆಯ ಮುಂದೆಯೇ ನಾನು ಬೆಳೆದದ್ದು. ನಾರುತ್ತಿದ್ದ ನೂಲಿನ ಲಡಿ ಹಾಗೆ ಅದ್ದಿ ತೆಗೆದರೆ ಮೂಗಿಗೆ ಹಿಡಿದರೂ ಏನೂ ಬಾರದು. ವಾಸನೆ ತೆಗೆಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡೆ. ಶನಿವಾರ ಹಿಂದೂಪುರಕ್ಕೆ ಹೋಗಿ ಅಪ್ಪನ ಹತ್ತಿರ ಒಂದು ಗಡ್ಡೆ ಸೋಪು ಕೇಳಿದೆ. ಎಳೆ ಮರಿಯ ಚರ್ಮಕ್ಕೆ ಸೋಡಾ ಬೇಡ ಎಂದು ಅದನ್ನು ಬಿಟ್ಟೆ, ಅಷ್ಟು ಬುದ್ಧಿ ಇತ್ತು.

"ಕಾಲೇಜಲ್ಲಿ ರೇಷ್ಮೆ ತೊಳೀತಾರೇನೇ?" ಎಂದು ಅಪ್ಪ ಕೇಳಿದರು.

"ಕುರಿ ತೊಳೀತಾರೆ" ಎಂದೆ. ಇಬ್ಬರೂ ನಕ್ಕೆವು.

ಸಂಜೆಯೇ ಕಲ್ಯಾಣದುರ್ಗಕ್ಕೆ ವಾಪಸಾಗಿ, ಮರುದಿನ ರೊಪ್ಪಕ್ಕೆ ಹೋದಾಗ ಹುಡುಗಿಯ ತಂದೆ ಇರಲಿಲ್ಲ. ಕಡಲೆಕಾಯಿ ಹೊಟ್ಟು ನೋಡಿ ಬರಲು ಬೆಳುಗುಪ್ಪಕ್ಕೆ ಹೋಗಿದ್ದರು. ಡಿಸೆಂಬರಿನ ಚಳಿಗಾಳಿ ಬೀಸುತ್ತಿತ್ತು. ಮೊದಲ ಸಲ ಈಯುವ ಎರಡು ಕುರಿಗಳು ಬೆಳಗಿನಿಂದ ಒದ್ದಾಡುತ್ತಿದ್ದವು, ಅದಕ್ಕೇ ಅವುಗಳನ್ನು ಮೇಯಲು ಬಿಟ್ಟಿರಲಿಲ್ಲ. ಹನ್ನೊಂದರ ಹೊತ್ತಿಗೆ ಎರಡೂ ಈಯುವುದಕ್ಕೆ ಬಂದವು. ನಾನು ಬಿಸಿನೀರಿಗೆ ಸೋಪು ಕದಡಿಕೊಂಡು ಕಾದಿದ್ದೆ.

ಹುಡುಗಿ ಅಡ್ಡ ನಿಂತಳು. "ಅಪ್ಪ ಬ್ಯಾಡ ಅಂದವ್ರೆ ಮೇಡಂ."

"ಇದು ಪ್ರಯೋಗ ಕಣಮ್ಮ. ಒಂದು ದಿನದ ಕೆಲಸ. ಆಮೇಲೆ ತಾಯಿಗೆ ಒಪ್ಪಿಸಿದರಾಯ್ತು."

"ಚೊಚ್ಚಲು ಕುರಿ ಒಪ್ಪಾಕಿಲ್ಲ. ಅವಕ್ಕೆ ಇನ್ನಾ ತಿಳೀದು."

"ಅದನ್ನೇ ಅಲ್ಲವಾ ನಾವು ನೋಡಬೇಕಾದ್ದು? ನಿಮ್ಮಪ್ಪನಿಗೆ ನಾನು ಹೇಳ್ತೀನಿ."

ಈ ಕೊನೆಯ ಮಾತನ್ನು ನಾನು ಹೇಳಿದ ಧಾಟಿಯೂ ನನಗೆ ನೆನಪಿದೆ. ಅವಳು ಅದನ್ನು ನಂಬಿ ಬದಿಗೆ ಸರಿದಳು. ಮೊದಲು ಒಂದು ಈಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಎರಡು ಸಲವೂ ತಾಯಿ ಮೂಗು ಚಾಚುವ ಮೊದಲೇ ನಾನು ಮರಿಯನ್ನು ಎತ್ತಿಕೊಂಡು, ಸೋಪಿನ ನೀರಿನಲ್ಲಿ ಉಜ್ಜಿ, ಬಿಸಿನೀರು ಹೊಯ್ದು, ನನ್ನ ಟವೆಲ್ಲಿನಲ್ಲೇ ಒರೆಸಿದೆ. ಮೈಮೇಲಿನ ಲೋಳೆಯೆಲ್ಲ ಹೋಗಿ ಬಿಳಿ ತುಪ್ಪಟ ಎದ್ದು ನಿಂತಿತು. ನೋಡಲು ಚೆಂದವಾಗಿದ್ದವು, ಸುಳ್ಳು ಯಾಕೆ ಹೇಳಲಿ. ಅವತ್ತು ಅವಸರದಲ್ಲಿ ಕೈಗೆ ಮಣ್ಣು ಉಜ್ಜಿಕೊಳ್ಳುವುದನ್ನೂ ಮರೆತಿದ್ದೆ.

ತಾಯಂದಿರ ಮುಂದೆ ಬಿಟ್ಟೆವು. ಮೊದಲನೆಯದು ಮೂಸಿ, ಹಿಂದೆ ಸರಿದು, ನೆಲದ ಮೇಲೆ ಮರಿ ಬಿದ್ದಿದ್ದ ಒದ್ದೆ ಜಾಗವನ್ನು ನೆಕ್ಕತೊಡಗಿತು. ಮರಿ ಅಲ್ಲೇ ಎದುರಿಗೆ ನಡುಗುತ್ತಾ ನಿಂತಿತ್ತು. ಎರಡನೆಯದು ಮರಿಯನ್ನು ಗುದ್ದಿ ಬೀಳಿಸಿತು. ನಾನು "ನೋಡು, ನೋಡು, ಬರೆದುಕೋ" ಎಂದು ಹುಡುಗಿಯ ಭುಜ ಅಲುಗಿಸಿದೆ. ನನಗೆ ಆಗ ಆದದ್ದು ಸಂತೋಷ. ಇಷ್ಟು ವರ್ಷ ಕಳೆದ ಮೇಲೂ ಆ ಸಂತೋಷ ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹಿಂದಿನ ವಾರಗಳಲ್ಲಿ ನಾನು ಹತ್ತುತ್ತಿದ್ದ ರಾತ್ರಿ ಬಸ್ಸು ಅವತ್ತು ಇರಲಿಲ್ಲ, ಕೊನೆಯ ಬಸ್ಸು ಮೂರೂವರೆಗೆ. ಅದು ತಪ್ಪಿದರೆ ಮರುದಿನದ ತರಗತಿಗೆ ಮುಟ್ಟುವಂತಿರಲಿಲ್ಲ. ಹೊರಡುವ ಮುಂಚೆ ಹುಡುಗಿಗೆ ಹೇಳಿದೆ: ಅರ್ಧ ಗಂಟೆಗೊಮ್ಮೆ ಬರೆಯಬೇಕು, ಸಂಜೆ ಆರರವರೆಗೆ.

"ಹಾಲು ಮೇಡಂ? ಗಿಣ್ಣು ಹಾಲು ಬೇಗ ಕುಡೀಬೇಕು."

"ಆರರವರೆಗೆ ಮುಟ್ಟಬೇಡ. ಮಧ್ಯದಲ್ಲಿ ನೀನು ಹಿಡಿದು ಕುಡಿಸಿದರೆ ತಾಯಿ ಒಪ್ಪಿದಳೋ ನೀನು ಒಪ್ಪಿಸಿದೆಯೋ ಅನ್ನೋದೇ ಗೊತ್ತಾಗಲ್ಲ. ಎಲ್ಲ ಹಾಳಾಗುತ್ತೆ. ಆರಕ್ಕೆ ಏನು ಬೇಕಾದರೂ ಮಾಡು." ಅಷ್ಟು ಹೇಳಿ ನನ್ನ ಕೈಗಡಿಯಾರ ಬಿಚ್ಚಿ ಅವಳಿಗೆ ಕೊಟ್ಟೆ. ತಂದೆಗೆ ಹೇಳುತ್ತೇನೆ ಎಂದಿದ್ದೆನಲ್ಲ, ಅವರು ಇನ್ನೂ ಬಂದಿರಲಿಲ್ಲ. ಮುಂದಿನ ಭಾನುವಾರ ಹೇಳಿದರಾಯಿತು ಎಂದುಕೊಂಡು ಬಸ್ ಹತ್ತಿದೆ.

ಸೋಮವಾರ ಹುಡುಗಿ ತರಗತಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಎರಡನೇ ಪೀರಿಯಡ್ಡಿನಲ್ಲಿ ಜವಾನ ಬಂದು ಪ್ರಿನ್ಸಿಪಾಲರು ಕರೆಯುತ್ತಾರೆ ಎಂದ. ಹೋದರೆ ಹುಡುಗಿಯ ತಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದರು. ಕುರ್ಚಿ ತೋರಿಸಿದರೂ ಕೂತಿರಲಿಲ್ಲ. ಪಕ್ಕದಲ್ಲಿ ನಮ್ಮ ಮುಖ್ಯಸ್ಥರೂ ಇದ್ದರು. ಮೇಜಿನ ಮೇಲೆ ನನ್ನ ಕೈಗಡಿಯಾರ ಇತ್ತು.

ಒಂದು ಮರಿ ಭಾನುವಾರ ರಾತ್ರಿಯೇ ಸತ್ತಿತ್ತು, ಇನ್ನೊಂದು ಮಂಗಳವಾರ. ತಂದೆ ಸಂಜೆ ಏಳಕ್ಕೆ ಬಂದು ಕುರಿಗಳ ಕಾಲು ಕಟ್ಟಿ, ತಾಯಿ ನೆಕ್ಕಲೆಂದು ಮರಿಗಳ ಮೈಗೆ ಉಪ್ಪುನೀರು ಸವರಿ, ಏನೆಲ್ಲ ಮಾಡಿದ್ದರು. ಅಷ್ಟು ಹೊತ್ತಿಗೆ ಮರಿಗಳಿಗೆ ಚೀಪುವ ಶಕ್ತಿಯೂ ಉಳಿದಿರಲಿಲ್ಲ. ಇದನ್ನೆಲ್ಲ ಅವರು ಬೇಸಾಯದ ಮಾತು ಆಡುವಂತೆ ಆಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ನ ಮಗಳು ಹೇಳ್ತಾಳೆ, ಮೇಡಮ್ಮೋರು ಬ್ಯಾಡ ಅಂದ್ರೂ ನಾನೇ ತೊಳ್ದೆ ಅಂತ. ನಿಜವಾ ಅಂತ ನಿಮ್ಮನ್ನ ಕೇಳ್ಕಂಡು ಹೋಗಾನ ಅಂತ ಬಂದೆ. ಮರಿ ಹೋದ್ವು ಅಂತ ಅಲ್ಲ ಕಣಮ್ಮ. ಹುಟ್ಟೋದರಾಗೆ ನಾಕು ಸಾಯ್ತಾವೆ. ಗೊತ್ತಿಲ್ದೋರು ಯಾರಾನ ಮಾಡ್ಬುಟ್ಟಿದ್ರೆ ಅದು ಬ್ಯಾರೆ ಮಾತು. ಏನೂ ಅನ್ನಾಕಾಗಾಕಿಲ್ಲ. ನಮ್ಮ ಮಗಳು ಗೊತ್ತಿದ್ದೂ ಮಾಡಿದ್ಲಾ ಅಂತ ಕೇಳ್ತಿವ್ನಿ."

ಪ್ರಿನ್ಸಿಪಾಲರು ನನ್ನ ಮುಖ ನೋಡಿ, "ಚೆಪ್ಪಂಡಿ ಮೇಡಂ" ಎಂದರು. ಹೇಳಿ ಎಂದರು, ಅಷ್ಟೇ. ಅವರ ದನಿಯಲ್ಲಿ ಗದರಿಕೆ ಏನೂ ಇರಲಿಲ್ಲ. ಮುಖ್ಯಸ್ಥರು ಕಿಟಕಿಯ ಆಚೆ ನೋಡುತ್ತಿದ್ದರು. ನನಗೆ ಕಂಡದ್ದು ಮಾರ್ಚ್ ತಿಂಗಳು. ಊರವರ ಕುರಿ ಸಾಯಿಸಿದ ಅಧ್ಯಾಪಕಿಯನ್ನು ಮತ್ತೆ ಯಾರು ಇಟ್ಟುಕೊಳ್ಳುತ್ತಾರೆ?

"ನಾನು ಮೂರೂವರೆ ಬಸ್ಸಿಗೆ ಹೊರಟುಬಿಟ್ಟೆ" ಎಂದೆ. ಇದು ನಿಜವೇ. "ಅವಳು ಸ್ವಲ್ಪ ಅವಸರ ಮಾಡಿದಳು ಅನ್ಸುತ್ತೆ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಕೋಪವಿರಲಿಲ್ಲ. ಇನ್ನೂ ಏನೋ ಹೇಳುತ್ತಾಳೆ ಎಂದು ಕಾದವರ ಹಾಗೆ ಕಂಡರು. ನಾನು ಮೇಜಿನ ಮೇಲಿದ್ದ ಕೈಗಡಿಯಾರ ತೆಗೆದುಕೊಂಡು ಕಟ್ಟಿಕೊಳ್ಳತೊಡಗಿದೆ.

"ಸರೆ ಕಣಮ್ಮ" ಎಂದರು. "ಹೋಯ್ತೀನಿ ಸಾರ್" ಎಂದು ಪ್ರಿನ್ಸಿಪಾಲರಿಗೆ ಕೈ ಮುಗಿದರು. ಬಾಗಿಲಲ್ಲಿ ನಿಂತು, ಇನ್ನು ಮಗಳು ಬರುವುದಿಲ್ಲ, ಹೆಸರು ತೆಗೆದುಹಾಕಿ ಎಂದು ಹೇಳಿ ಹೋದರು.

ಆಗ ಓಡಿ ಹೋಗಿ ತಡೆಯಬಹುದಿತ್ತು. ಬಸ್ ನಿಲ್ದಾಣ ಐದು ನಿಮಿಷದ ದಾರಿ. ಮುಖ್ಯಸ್ಥರು, "ಪೋನೀ ಮೇಡಂ, ವದಿಲೇಯಂಡಿ" ಎಂದರು, ಹೋಗಲಿ ಬಿಡಿ ಎಂದು. ಬಿಟ್ಟೆ. ಅವತ್ತು ಮಧ್ಯಾಹ್ನ ಮೊದಲ ವರ್ಷದವರಿಗೆ ಎರೆಹುಳುವಿನ ಪ್ರಾಕ್ಟಿಕಲ್ ಕೂಡ ಮಾಡಿಸಿದೆ.

ಗೋಷ್ಠಿಗೆ ಹೋದೆನೇ ಎಂದು ಕೇಳಿದರೆ, ಹೋದೆ. ಮೂರು ಭಾನುವಾರದ ಕೋಷ್ಟಕಗಳ ನನ್ನ ಪ್ರತಿ ನನ್ನ ಬಳಿ ಇತ್ತು. ಆ ಎರಡು ಮರಿಗಳ ವಿಷಯವನ್ನು ಕೊನೆಗೆ ಒಂದು ಸಾಲಿನಲ್ಲಿ ಸೇರಿಸಿದೆ: ತೊಳೆದ ಎರಡನ್ನೂ ತಾಯಿ ಕುರಿಗಳು ತಿರಸ್ಕರಿಸಿದವು. ಮುಂದೇನಾಯಿತೆಂದು ಬರೆಯಲಿಲ್ಲ. ಓದಿ ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬ ಅಧ್ಯಾಪಕರು ಎದ್ದು ಬಹಳ ಮೆತ್ತಗೆ ಒಂದು ಪ್ರಶ್ನೆ ಕೇಳಿದರು. ಮರಿಯ ವಾಸನೆ ಹೋಯಿತೆಂದು ತಾಯಿ ಬಿಟ್ಟಿತೋ, ಸೋಪಿನ ವಾಸನೆ ಬಂತೆಂದು ಬಿಟ್ಟಿತೋ? ಅದನ್ನು ಬೇರ್ಪಡಿಸಲು ಏನು ಮಾಡಿದಿರಿ?

ಏನೂ ಮಾಡಿರಲಿಲ್ಲ. ಆಗಷ್ಟೇ ಹುಟ್ಟಿದ ಒಂದು ಮರಿಯನ್ನು ಬರೀ ನೀರಿನಲ್ಲಿ ತೊಳೆದು ಹೋಲಿಸಬೇಕಿತ್ತು. ತಾಯಿ ನೆಕ್ಕಿ ಮುಗಿಸಿದ ಮರಿಗೆ ಅದೇ ಸೋಪು ಸವರಿ ನೋಡಬೇಕಿತ್ತು. ಮೊದಲ ವರ್ಷದವರಿಗೆ ಪಾಠ ಮಾಡುವ ಸಂಗತಿ ಅದು. ಹಿತ್ತಲಿನ ಹಂಡೆಯ ಮುಂದೆ ಬೆಳೆದ ನನ್ನ ಮೂಗಿಗೆ ಆ ಸೋಪಿನ ವಾಸನೆ ವಾಸನೆಯೇ ಅಲ್ಲ, ಅದು ನಮ್ಮ ಮನೆಯ ಗಾಳಿ. ಅದಕ್ಕೊಂದು ಘಾಟು ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. "ಮುಂದಿನ ಹಂತದಲ್ಲಿ ನೋಡುತ್ತೇವೆ ಸಾರ್" ಎಂದೆ. ಅವರು ಒಪ್ಪಿ ಕೂತರು, ಸಭೆ ಚಪ್ಪಾಳೆ ತಟ್ಟಿತು. ಎರಡು ಮರಿ, ಒಬ್ಬಳ ಓದು ಹೋದ ಪ್ರಯೋಗದಲ್ಲಿ ಪ್ರಯೋಗವೂ ಇರಲಿಲ್ಲ ಎಂದು ಅಲ್ಲಿ ಗೊತ್ತಾದದ್ದು ನನಗೊಬ್ಬಳಿಗೇ. ಆ ತಿಂಗಳ ಕೊನೆಗೆ ನನ್ನ ನೇಮಕವನ್ನು ಮುಂದುವರಿಸಿದರು.

ಪರೀಕ್ಷೆಗೆ ಮುಂಚೆ ತರಗತಿಯ ಇನ್ನೊಬ್ಬ ಹುಡುಗಿ ಬಂದು ನನ್ನ ಮೇಜಿನ ಮೇಲೆ ಒಂದು ರೆಕಾರ್ಡ್ ಬುಕ್ ಇಟ್ಟಳು. "ಅವ್ಳು ಇದ ನಿಮಗೆ ಕೊಟ್ಬುಡು ಅಂದ್ಲು ಮೇಡಂ. ಪಾವಗಡದ ಕಡೆಗೆ ಕೊಟ್ರು ಅವಳ್ನ. ಮದ್ವೆ ಆಯ್ತು."

ಕೋಣೆಗೆ ಹೋಗಿ ತೆರೆದೆ. ಆ ಭಾನುವಾರದ ಪುಟ. ತೆಲುಗು ಅಕ್ಷರದಲ್ಲಿ ಅವಳ ಮನೆಯ ಕನ್ನಡ. ಹನ್ನೆರಡಕ್ಕೆ, ಹನ್ನೆರಡೂವರೆಗೆ, ಒಂದಕ್ಕೆ, ನಾನು ಹೇಳಿದಂತೆ ಅರ್ಧ ಗಂಟೆಗೊಂದು ಸಾಲು. ನಾನಿದ್ದಾಗಿನ ಸಾಲುಗಳಲ್ಲಿ ಗುದ್ದಿತು, ಹಿಂದೆ ಸರಿಯಿತು ಎಂದಷ್ಟೇ ಇತ್ತು. ನಾನು ಹೊರಟ ಮೇಲೆ ಅವಳೊಬ್ಬಳೇ ಕೂತು ಬರೆದದ್ದು ಬೇರೆ ಥರ ಇತ್ತು. "ನಾಲ್ಕು. ಮರಿ ಕೂಗ್ತು. ತಾಯಿ ಕೂಗಿಗೆ ಬಂತು. ಮೂಸಿ ಹೋಯ್ತು." "ನಾಲ್ಕೂವರೆ. ಕೂಗಿಗೆ ಬಂತು. ಮೂಸಿ ಹೋಯ್ತು." ಐದಕ್ಕೂ ಅದೇ. ಐದೂವರೆಗೆ, "ಕೂಗು ಸಣ್ಣ ಆಯ್ತು. ಆದ್ರೂ ಬಂತು. ಮೂಸಿ ಹೋಯ್ತು." ಕೊನೆಯ ಸಾಲು: "ಆರು ಗಂಟೆ. ಇನ್ನು ಮುಟ್ಟಬೌದು."

ಪುಟದ ಕೆಳಗೆ ಅಧ್ಯಾಪಕರ ಸಹಿ ಎಂದು ಅಚ್ಚಾದ ಜಾಗ ಖಾಲಿ ಇತ್ತು. ಎಷ್ಟೋ ರೆಕಾರ್ಡುಗಳಿಗೆ ಓದದೆಯೇ ಸಹಿ ಹಾಕಿದ ನನ್ನ ಕೈ ಅಲ್ಲಿ ಓಡಲಿಲ್ಲ. ಅವತ್ತು ಕೂತು ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಮುಂದೆ ನನಗೆ ಹಿಂದೂಪುರದಲ್ಲೇ ಕೆಲಸ ಸಿಕ್ಕಿತು. ಏಳೆಂಟು ವರ್ಷ ಕಳೆದ ಮೇಲೆ, ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕಿಯಾಗಿ ಕಲ್ಯಾಣದುರ್ಗಕ್ಕೆ ಹೋದೆ. ಎರಡು ಬ್ಯಾಚಿನ ನಡುವೆ ಒಂದು ದಿನ ಬಿಡುವಿತ್ತು. ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಿದ್ದಾಗ ಕುಂದುರ್ಪಿ ಬಸ್ಸು ಎದುರಿಗೆ ಬಂದು ನಿಂತಿತು. ಅದು ಹೊರಡುವವರೆಗೆ ಸುಮ್ಮನೆ ನೋಡಿ, ಹೊರಟ ಮೇಲೆ ಓಡಿ ಹತ್ತಿದೆ.

ರೊಪ್ಪ ಅಲ್ಲೇ ಇತ್ತು. ಹುಡುಗಿಯ ತಂದೆ ಒಂದು ಕುರಿಯನ್ನು ಮೊಣಕಾಲ ನಡುವೆ ಹಿಡಿದುಕೊಂಡು ಉಣ್ಣೆಗೆ ಹತ್ತಿದ ಮುಳ್ಳು ಕೀಳುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದರು.

"ಬನ್ನಿ ಟೀಚರಮ್ಮ, ಕೂತ್ಕಳಿ."

ನಾನು ಕೂರಲಿಲ್ಲ. ಬೇಲಿಯ ಬಾಯಲ್ಲಿ ನಿಂತೇ ಎಲ್ಲ ಹೇಳಿದೆ. ಅವಳು ಬೇಡ ಅಂದಳು, ನಾನೇ ತೊಳೆದೆ, ಹಾಲು ಕುಡಿಸಬೇಡ ಅಂದವಳೂ ನಾನೇ. ನಿಮಗೆ ನಾನು ಹೇಳುತ್ತೇನೆ ಎಂದು ಮಾತು ಕೊಟ್ಟು ಅವಳನ್ನು ಸುಮ್ಮನಿರಿಸಿದೆ. ಅವರು ಮುಳ್ಳು ಕೀಳುವುದನ್ನು ನಿಲ್ಲಿಸದೆ ಕೇಳಿದರು.

"ಗೊತ್ತಿತ್ತು ಕಣಮ್ಮ" ಎಂದರು.

"ಅವಳು ಹೇಳಿದಳಾ?"

"ಅವ್ಳೆಲ್ಲಿ ಹೇಳ್ತಾಳೆ. ಮರಿ ಮೈಯಾಗೆ ಎಂತದೋ ಸೋಪಿನ ಘಾಟು ಇತ್ತು. ನಮ್ಮನ್ಯಾಗೆ ಅಂತಾ ಸೋಪೆಲ್ಲೈತೆ? ಅದೇ ವಾಸ್ನೆ ನಿಮ್ಮ ಗಡಿಯಾರದ ಪಟ್ಟೇಗೂ ಇತ್ತು."

"ಹಾಗಾದರೆ ಅವತ್ತು ಯಾಕೆ ಕೇಳಲಿಲ್ಲ?"

ಅವರು ತಲೆ ಎತ್ತಿ ನೋಡಿದರು. "ಕೇಳಿದ್ನಲ್ಲಮ್ಮ."

ಗೊತ್ತಿಲ್ಲದವರು ಮಾಡಿದ್ದರೆ ಬೇರೆ ಮಾತು ಎಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಅವರು ನನಗಾಗಿಯೇ ದಾರಿ ಬಿಟ್ಟು ನಿಂತಿದ್ದರು. ನಾನು ಗಡಿಯಾರ ಕಟ್ಟಿಕೊಳ್ಳುತ್ತಿದ್ದೆ.

"ನಾನೇ ತೊಳ್ದೆ ಅಂತ ನೀವು ಅಂದಿದ್ರೆ ಮಾರ್ನೇ ದಿನಾನೇ ಮಗೀನ ಕಳಿಸ್ಬುಡ್ತಿದ್ದೆ" ಎಂದರು. "ಒಂದ್ ಸುಳ್ಳು ಹೇಳ್ದೋಳಲ್ಲ ನನ್ನ ಮಗಳು. ಅಲ್ಲಿಗೆ ಹೋಗಿ ಕಲ್ತಳಲ್ಲ ಅಂತ ಹೊಟ್ಟೆ ಉರೀತು. ಬಿಡಿಸ್ಬುಟ್ಟೆ. ಬಿಡಿಸ್ಬಾರ್ದಾಗಿತ್ತು. ನಂದೂ ತಪ್ಪೈತೆ ಅದರಾಗೆ."

ಕುರಿಯನ್ನು ಬಿಟ್ಟು ಎದ್ದು ಕೈ ಕೊಡವಿದರು. ನಾನು ಕೈ ಮುಗಿದೆ. ಅವರು ಅದನ್ನು ಲಕ್ಷಿಸದೆ ಹೇಳಿದರು: "ನಂಗೆ ಹೇಳಿ ಏನ್ ಬಂತು ಟೀಚರಮ್ಮ. ಅವ್ಳು ಇವತ್ತಿಗೂ ತಾನೇ ತೊಳ್ದೆ ಅಂತಾಳೆ. ಮಕ್ಕಳ ಮುಂದೂ ಹಂಗೇ ಅಂತಾಳೆ. ಅವಳ ತಾವ ಹೋಗಿ ಹೇಳಿ." ಮಗಳ ಊರಿನ ಹೆಸರು, ಪಾವಗಡದಲ್ಲಿ ಇಳಿದು ಯಾವ ಬಸ್ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಎರಡೆರಡು ಸಲ ಹೇಳಿದರು. ನಾನು ಕೈಚೀಲದಲ್ಲಿದ್ದ ಪ್ರಶ್ನೆಪತ್ರಿಕೆಯ ಹಿಂಭಾಗದಲ್ಲಿ ಬರೆದುಕೊಂಡೆ.

ಆ ಚೀಟಿ ಅವಳ ರೆಕಾರ್ಡ್ ಬುಕ್ಕಿನ ಆ ಪುಟದಲ್ಲೇ ಇದೆ. ಹಿಂದೂಪುರದಿಂದ ಪಾವಗಡಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಸ್ಸುಗಳಿವೆ. ನಾನು ಇನ್ನೂ ಹೋಗಿಲ್ಲ.